ಊರಿನ ಬೆಂಕಿಗೆ ಊರಿನ ತೆರಿಗೆ: ಹೊಸ ಕರ ಬೇಡ, ಹಳೆಯ ಬಾಕಿ ಸಾಕು

ಬೇಸಿಗೆಯಲ್ಲಿ ಹುಲ್ಲಿನ ಮೆದೆಯೋ ಕಬ್ಬಿನ ಗದ್ದೆಯೋ ಹೊತ್ತಿ ಉರಿದು ಬೂದಿಯಾದ ಮೇಲೆ ಊರಲ್ಲಿ ಏಳುವ ಮಾತು ಒಂದೇ: ‘ನಮ್ಮದೇ ಹುಡುಗರ ತಂಡ ಕಟ್ಟೋಣ, ಖರ್ಚಿಗೆ ಮನೆ ಕಂದಾಯದ ಜೊತೆ ಹತ್ತಿಪ್ಪತ್ತು ರೂಪಾಯಿ ಸೇರಿಸಲಿ.’ ಬೇಡಿಕೆ ನ್ಯಾಯವಾದದ್ದೇ. ಅಮೆರಿಕದ ಹಳ್ಳಿಗಾಡಿನಲ್ಲಿ ಸ್ವಯಂಸೇವಕರ ಎಷ್ಟೋ ಅಗ್ನಿಶಾಮಕ ದಳಗಳಿಗೆ ಆಸ್ತಿ ತೆರಿಗೆಯ ಹಣ ಸಿಗುತ್ತದೆ. ನಮ್ಮಲ್ಲಿ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಪ್ರಕಾರ ಬೆಂಕಿ ಆರಿಸುವುದು ರಾಜ್ಯ ಇಲಾಖೆಯ ಕೆಲಸ. ಸಂವಿಧಾನದ 12ನೇ ಅನುಸೂಚಿ ಪಟ್ಟಣಗಳ ಪಾಲಿಗೆ ಕೊಟ್ಟ 18 ವಿಷಯಗಳಲ್ಲಿ ಅಗ್ನಿಶಾಮಕ ಸೇವೆಯೂ ಒಂದು. ಪಂಚಾಯತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅದು ಇಲ್ಲ. ನಂಜನಗೂಡು ನಗರಸಭೆಯ ನಿವಾಸಿಗೆ ಇರುವ ಆಧಾರ ಸುತ್ತಲಿನ ಹಳ್ಳಿಯವನಿಗೆ ಇಲ್ಲದಿರುವುದು ಹೀಗೆ. ಆದರೂ ದಾರಿ ಇದೆ.

ಎಡವುವುದು ಮೊದಲ ಹೆಜ್ಜೆಯಲ್ಲೇ. ಸಭೆಯಲ್ಲಿ ಕೈ ಎತ್ತಿಸಿ, ‘ಅಗ್ನಿ ಕರ’ ಎಂದು ಠರಾವು ಬರೆದು, ರಸೀದಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಊರಿಗೆ ಊರೇ ಒಪ್ಪಿದರೂ ಗ್ರಾಮಸಭೆಯ ಒಪ್ಪಿಗೆ ಕಾಯ್ದೆಯಾಗುವುದಿಲ್ಲ. ‘ಹಾಗಾದರೆ ಕಂದಾಯದ ಮೇಲೆ ಈಗ ಇಷ್ಟೊಂದು ಕರ ಬೀಳುತ್ತಿರುವುದು ಹೇಗೆ?’ ಎಂದು ಕೇಳಬಹುದು. ಒಂದೊಂದರ ಹಿಂದೆಯೂ ಒಂದೊಂದು ಶಾಸನವಿದೆ: ಆರೋಗ್ಯ ಕರಕ್ಕೆ 1962ರ ಕಾಯ್ದೆ, ಗ್ರಂಥಾಲಯ ಕರಕ್ಕೆ 1965ರದು, ಭಿಕ್ಷುಕರ ಕರಕ್ಕೆ 1975ರದು. ಇವು ಪಂಚಾಯತಿ ವಸೂಲು ಮಾಡಿ ಮೇಲಕ್ಕೆ ದಾಟಿಸಬೇಕಾದ ಹಣ, ಅದರ ಸ್ವಂತದ್ದಲ್ಲ. ಆಧಾರವಿಲ್ಲದ ಕರ ಹಾಕಿದರೆ ಒಬ್ಬ ತಕರಾರುದಾರ ಸಾಕು, ಸಂಗ್ರಹವಾದದ್ದನ್ನೆಲ್ಲ ವಾಪಸು ಕೊಡಬೇಕಾದ ಪ್ರಸಂಗ ಬಂದೀತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ‘ಇವರ ಲೆಕ್ಕವೇ ಸರಿಯಿಲ್ಲ’ ಎಂಬ ನೆಪ ಸಿಕ್ಕಿ ನ್ಯಾಯವಾದ ಕಂದಾಯವನ್ನೂ ಜನ ಕಟ್ಟದೆ ಉಳಿಯುತ್ತಾರೆ.

ಆದ್ದರಿಂದ ಕೈ ಹಾಕಬೇಕಾದ್ದು ಈಗಾಗಲೇ ಇರುವ ತೆರಿಗೆಗೆ. ಪಿಡಿಒ ಅವರಲ್ಲಿ ಪಂಚಾಯತಿಯ ‘ಬೇಡಿಕೆ, ವಸೂಲಿ, ಬಾಕಿ’ ತಖ್ತೆಯನ್ನು ಕೇಳಿ. ಕೊಡಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಲೆಕ್ಕ ಹೀಗೆ ಮಾಡಿ: ಮೇಲೆ ಹೇಳಿದ ಕರಗಳನ್ನು ಬಿಟ್ಟು ವರ್ಷದ ಬೇಡಿಕೆ 20 ಲಕ್ಷ, ವಸೂಲಿ 12 ಲಕ್ಷ ಎಂದಿಟ್ಟುಕೊಳ್ಳೋಣ. ಬಾಕಿ 8 ಲಕ್ಷ. ಇದರ ಕಾಲು ಭಾಗ ಬಂದರೂ 2 ಲಕ್ಷ. ಕೊಂಡಿಗೆ ಸಿಕ್ಕಿಸುವ ಟ್ರ್ಯಾಕ್ಟರ್ ಟ್ಯಾಂಕರಿಗೆ ಪಂಪು, ಪೈಪು ಜೋಡಿಸುವ ಕೆಲಸ ಆರಂಭಿಸಲು ಅದು ಸಾಕು. ಕೈಗಾರಿಕಾ ಪ್ರದೇಶಕ್ಕೆ ತಾಗಿದ ಪಂಚಾಯತಿಗಳಲ್ಲಿ ದೊಡ್ಡ ಕಟ್ಟಡಗಳ ಬಾಕಿಯನ್ನು ಮೊದಲು ನೋಡಿ. ಗುಡಿಸಲಿನ ಮುಂದೆ ನಿಂತು ನೂರು ರೂಪಾಯಿಗೆ ಜೋರು ಮಾಡಿ, ಗೋದಾಮಿನ ಬಾಕಿಗೆ ಕಣ್ಣು ಮುಚ್ಚುವುದು ವಸೂಲಿಯಲ್ಲ.

ಮುಂದಿನದು ಆಯವ್ಯಯ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗುವುದರಿಂದ ಫೆಬ್ರುವರಿಯೊಳಗೆ ವಾರ್ಡ್‌ಸಭೆ, ಗ್ರಾಮಸಭೆಗಳಲ್ಲಿ ಬೇಡಿಕೆ ನಡವಳಿಗೆ ಹತ್ತಬೇಕು. ಬಾಯಿಮಾತಿನ ಭರವಸೆ ಲೆಕ್ಕಕ್ಕಿಲ್ಲ. ಸ್ವಂತ ಸಂಪನ್ಮೂಲದಲ್ಲಿ ಇದಕ್ಕೆಂದೇ ಮೊತ್ತ ತೆಗೆದಿಡುವಂತೆ ಠರಾವಾಗಲಿ. ವೆಚ್ಚಕ್ಕೆ ಯಾವ ಕಲಮು ಆಧಾರ ಎಂಬುದನ್ನು ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಯಿಂದ ಲಿಖಿತವಾಗಿ ಪಡೆದಿಡಿ, ಇಲ್ಲವಾದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ತಪ್ಪದು. ‘ಬೆಂಕಿ ಸರ್ಕಾರದ ಕೆಲಸ, ನಾವೇಕೆ ಮತ್ತೆ ಕೊಡಬೇಕು?’ ಎನ್ನುವವರಿಗೆ ಉತ್ತರ: ಇಲ್ಲಿ ಮತ್ತೆ ಕೊಡುವ ಮಾತೇ ಇಲ್ಲ, ಕೊಡಬೇಕಾದ್ದನ್ನು ಕೊಡುವುದಷ್ಟೆ. ತಂಡ ಇಲಾಖೆಗೆ ಬದಲಿಯೂ ಅಲ್ಲ. ಠಾಣೆಯ ವಾಹನ ಬರುವವರೆಗೆ ಬೆಂಕಿ ಪಕ್ಕದ ಮೆದೆಗೆ ಹಬ್ಬದಂತೆ ತಡೆಯುವುದು ಅದರ ಕೆಲಸ. ವಂತಿಗೆ ಎತ್ತಿದರಾಗದೇ ಎಂಬ ವಾದವೂ ಇದೆ. ಮೆದೆ ಸುಟ್ಟ ವರ್ಷ ವಂತಿಗೆ ಬರುತ್ತದೆ, ಮಳೆ ಬಂದ ಮೇಲೆ ಮರೆತುಹೋಗುತ್ತದೆ. ಬೆಂಗಳೂರಿನಲ್ಲಿದ್ದು ಊರಲ್ಲಿ ಮನೆ ಇಟ್ಟುಕೊಂಡವರಿಂದ ಬರುವುದೇ ಇಲ್ಲ. ತೆರಿಗೆಯಾದರೆ ಅವರಿಗೂ ತಪ್ಪುವುದಿಲ್ಲ. ತಂಡದ ಖರ್ಚನ್ನು ಪಂಚಾಯತಿಯ ಲೆಕ್ಕ ಜನರ ಮುಂದಿಡುವ ಜಮಾಬಂದಿಯಲ್ಲಿ ಓದಿ ಹೇಳಿಸಿ.

ಉಳಿದದ್ದು ಚಿಕ್ಕದಾಗಿ: ಖರೀದಿ ದರಪಟ್ಟಿ ಅಥವಾ ಟೆಂಡರ್ ನಿಯಮದಂತೆಯೇ ಆಗಲಿ. ತರಬೇತಿಗೆ ತಾಲ್ಲೂಕಿನ ಅಗ್ನಿಶಾಮಕ ಠಾಣಾಧಿಕಾರಿಗೆ ಪಂಚಾಯತಿಯಿಂದಲೇ ಪತ್ರ ಹೋಗಲಿ. ವಿಮೆ ಮಾಡಿಸದೆ ಯಾರನ್ನೂ ಬೆಂಕಿಯ ಮುಂದೆ ನಿಲ್ಲಿಸಬೇಡಿ. ತಂತಿಯಿಂದ ಹತ್ತಿದ ಬೆಂಕಿಗೆ ವಿದ್ಯುತ್ ಕಂಪನಿಯಾದ ಸೆಸ್ಕ್‌ನವರು ಸಂಪರ್ಕ ಕಡಿಯುವವರೆಗೆ ನೀರು ಹಾಕಕೂಡದು. ತಂಡ ಎಷ್ಟೇ ಚುರುಕಾಗಿರಲಿ, ಮೊದಲ ಕರೆ 101 ಅಥವಾ 112ಕ್ಕೆ.