ಗೆದ್ದಲು ಹತ್ತದ ಹಲಗೆಗೆ ಚೇಗೇ ಆಧಾರ

ಮಂಡಕಳ್ಳಿ ಸುತ್ತಿನ ಕೆಂಪು ಭೂಮಿಯಲ್ಲಿ ಗೆದ್ದಲಿನ ಕಾಟ ರೈತರಿಗೆ ಹೊಸದಲ್ಲ. ಕಪಾಟಿಗೆ ಬಳಸುವ ಪಾರ್ಟಿಕಲ್ ಬೋರ್ಡಿಗೂ ಅದು ಹತ್ತುತ್ತದೆ. ಮರದ ಚಕ್ಕೆಗಳನ್ನು ಒಣಗಿಸಿ, ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಬೆರೆಸಿ, ಬಿಸಿ ಯಂತ್ರದಲ್ಲಿ ಒತ್ತಿ ಈ ಹಲಗೆ ತಯಾರಿಸುತ್ತಾರೆ. ಬಾಳಿಕೆಯಿಲ್ಲದ ಮರದ ಚಕ್ಕೆಯಾದರೆ ಹಲಗೆಯೂ ಬಾಳುವುದಿಲ್ಲ.

ತೇಗ, ಹೊನ್ನೆ ಮರಗಳ ಚೇಗಿನಲ್ಲಿ ಕೀಟ, ಕೊಳೆಗಳನ್ನು ತಡೆಯುವ ವಸ್ತುಗಳು ಸಹಜವಾಗಿಯೇ ಇವೆ. ತೇಗದ ಟೆಕ್ಟೊಕ್ವಿನೋನ್ ಅಂಥದೊಂದು. ಚೇಗನ್ನು ಚಕ್ಕೆ ಮಾಡಿದರೂ ಈ ಗುಣ ಬಹುಮಟ್ಟಿಗೆ ಉಳಿಯುವುದರಿಂದ, ಅದನ್ನು ಸಾಕಷ್ಟು ಬೆರೆಸಿದ ಹಲಗೆ ಗೆದ್ದಲನ್ನು ಹೆಚ್ಚು ತಡೆಯುತ್ತದೆ. ಆದರೆ ಇದೇ ವಸ್ತುಗಳು ಕೆಲವೊಮ್ಮೆ ಅಂಟು ಗಟ್ಟಿಯಾಗಲು ಅಡ್ಡಿ ಮಾಡುವುದರಿಂದ ಪ್ರಮಾಣವನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು.

ಹೊರಸುತ್ತಿನ ಬಿಳಿ ಮರದಲ್ಲಿ ಈ ರಕ್ಷಣೆ ಇಲ್ಲ. ಎಳೆಯ ತೇಗದಲ್ಲಿ ಬಿಳಿ ಭಾಗವೇ ಹೆಚ್ಚು. ಆದ್ದರಿಂದ ತೇಗವೆಂಬ ಹೆಸರನ್ನಷ್ಟೇ ನಂಬಬಾರದು.

ರೈತರು ಗಮನಿಸಬೇಕಾದ ಅಂಶಗಳು:

1. ಬದುವಿನ ತೇಗವನ್ನು ಚೇಗು ಬಲಿಯುವವರೆಗೆ ಬಿಡಿ.

2. ಮರ ಕೊಯ್ಸಿದಾಗ ಚೇಗಿನ ತುಂಡುಗಳನ್ನು ಒಲೆಗೆ ಹಾಕದೆ, ಬಿಳಿ ಮರದಿಂದ ಬೇರ್ಪಡಿಸಿಡಿ.

3. ಬೋರ್ಡ್ ಕೊಳ್ಳುವಾಗ ಗೆದ್ದಲು ನಿರೋಧಕ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ.

4. ಹಲಗೆಯನ್ನು ನೆಲಕ್ಕೆ, ಒದ್ದೆ ಗೋಡೆಗೆ ತಾಗಿಸಬೇಡಿ. ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು.