ಗಣಕಯಂತ್ರದ ಎರಡು ವ್ಯಾಧಿಗಳು: ನಿದಾನವೂ ಪರಿಹಾರವೂ

ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದ ಗಣಕಯಂತ್ರದಲ್ಲಿ ಎರಡು ದೋಷಗಳು ಬಳಕೆದಾರರನ್ನು ಬಹಳವಾಗಿ ಕಂಗೆಡಿಸುತ್ತವೆ. ನಿಸ್ತಂತು ಸಂಪರ್ಕವು, ಅಂದರೆ ವೈಫೈ, ಪದೇ ಪದೇ ಕಡಿದುಹೋಗುವುದು ಒಂದು. ಕೆಲಸದ ನಡುವೆ ಯಂತ್ರವೇ ಸ್ತಬ್ಧವಾಗುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ವ್ಯಾಧಿಗಳೆಂದೇ ಭಾವಿಸಿ ಚಿಕಿತ್ಸೆಗೆ ತೊಡಗುವುದು ವಾಡಿಕೆ. ಆದರೆ ಎರಡಕ್ಕೂ ಮೂಲ ಒಂದೇ ಆಗಿರುವ ಸಂಭವವುಂಟು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಕರ್ನೆಲ್ ಎಂಬ ತಿರುಳೇ ಈ ವ್ಯವಸ್ಥೆಯ ಪ್ರಾಣ. ವೈಫೈ ಉಪಕರಣವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವು ಸಾಮಾನ್ಯವಾಗಿ ಈ ತಿರುಳಿನೊಳಗೇ ಕೆಲಸಮಾಡುತ್ತದೆ. ಹೊರಗಿನ ತಂತ್ರಾಂಶವೊಂದು ಕೆಟ್ಟರೆ ಬಹುಮಟ್ಟಿಗೆ ಅದೊಂದೇ ನಿಲ್ಲುತ್ತದೆ. ಒಳಗಿರುವುದು ಕೆಟ್ಟರೆ ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು.

ಯಂತ್ರ ಸ್ತಬ್ಧವಾದೊಡನೆ ವಿದ್ಯುತ್ತಿನ ಗುಂಡಿಯನ್ನು ಒತ್ತಿಹಿಡಿಯುವುದು ಅವಿವೇಕ. ಮೊದಲು ಕ್ಯಾಪ್ಸ್‌ಲಾಕ್ ಕೀಲಿಯನ್ನು ಒತ್ತಿ ನೋಡತಕ್ಕದ್ದು. ಅದರ ದೀಪ ಹತ್ತಿ ಆರಿದರೆ ತಿರುಳಿನಲ್ಲಿ ಇನ್ನೂ ಜೀವವಿದೆಯೆಂದು ತಿಳಿಯಬಹುದು. ಸ್ಮೃತಿಕೋಶ ತುಂಬಿ ಯಂತ್ರ ಏದುಸಿರು ಬಿಡುತ್ತಿದ್ದರೆ ಕೆಲವು ನಿಮಿಷ ಕಾದರೂ ಸಾಕು. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಅಕ್ಷರಮಾತ್ರದ ಪರದೆ ಬಂದರೆ, ದೋಷವು ಚಿತ್ರಪರದೆಯ ಭಾಗದಲ್ಲಿ ಮಾತ್ರ ಇರುವ ಸಂಭವ ಹೆಚ್ಚು. ಯಾವುದೂ ಫಲಿಸದಿದ್ದರೆ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ನಿಧಾನವಾಗಿ ಒಂದಾದಮೇಲೊಂದು ಒತ್ತಬೇಕು. ಎಸ್ ಬರೆಯಲು ಉಳಿದುದನ್ನು ಡಿಸ್ಕಿಗೆ ಬರೆಯುತ್ತದೆ; ಯು ಮುಂದಿನ ಬರವಣಿಗೆಯನ್ನು ತಡೆಯುತ್ತದೆ; ಬಿ ಯಂತ್ರವನ್ನು ಮತ್ತೆ ಹೊರಡಿಸುತ್ತದೆ. (ಕೆಲವು ವಿತರಣೆಗಳಲ್ಲಿ ಈ ಸೌಲಭ್ಯಕ್ಕೆ ನಿರ್ಬಂಧವುಂಟು.) ಉಪಾಧ್ಯಾಯರು ಉಳಿಸದೆ ಬಿಟ್ಟ ಅಂಕಪಟ್ಟಿ ಇದರಿಂದ ಮರಳಿ ಬಾರದು, ಆದರೆ ಕಡತಗಳ ವ್ಯವಸ್ಥೆ ಕೆಡುವ ಅಪಾಯ ತಗ್ಗುತ್ತದೆ.

ಯಂತ್ರ ಮತ್ತೆ ಎದ್ದಮೇಲೆ ಅದರ ದಿನಚರಿಯನ್ನು ಓದಬೇಕು. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯು, ದಾಖಲೆ ಉಳಿದಿದ್ದರೆ, ಹಿಂದಿನ ಸಲದ ಕೊನೆಯ ಸಾಲುಗಳನ್ನೂ ತೋರಿಸುತ್ತದೆ. ಅಲ್ಲಿ ವೈಫೈ ಡ್ರೈವರಿನ ಹೆಸರು ಮತ್ತೆ ಮತ್ತೆ ಕಂಡರೆ ಸಂಶಯಕ್ಕೆ ಆಧಾರ ದೊರೆತಂತೆ. ಇನ್ನು ತರ್ಕಶಾಸ್ತ್ರದ ಅನ್ವಯ-ವ್ಯತಿರೇಕವನ್ನೇ ಪ್ರಯೋಗಿಸಬಹುದು: ವೈಫೈಯನ್ನು ಆರಿಸಿ, ತಂತಿಯ ಸಂಪರ್ಕದಿಂದ ಎರಡು ದಿನ ಕೆಲಸಮಾಡುವುದು. ಸ್ತಂಭನ ಮರುಕಳಿಸದೆ, ವೈಫೈ ಹಚ್ಚಿದೊಡನೆ ಮರುಕಳಿಸಿದರೆ ಅಪರಾಧಿ ಸಿಕ್ಕಿತು. ಆಗ ಆರಂಭದ ಪಟ್ಟಿಯಿಂದ ಹಳೆಯ ಕರ್ನೆಲನ್ನು ಆರಿಸಿ ನೋಡುವುದು, ವೈಫೈಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸುವುದು, ಇವು ಸುಲಭವಾದ ಮದ್ದುಗಳು.

ವೈಫೈ ಮೊದಲಿನಿಂದಲೂ ಕಾಣದಿದ್ದರೆ ಅದು ಬೇರೆ ಮಾತು. ಆಗ ಫರ್ಮ್‌ವೇರ್ ಕಡತ ಇಲ್ಲದಿರುವುದು ಸಾಮಾನ್ಯ ಕಾರಣ. ಡೆಬಿಯನ್ ವಿತರಣೆಯು 2023ರ 12ನೆಯ ಆವೃತ್ತಿಯಿಂದ ಇಂಥ ಕಡತಗಳನ್ನು ತನ್ನ ಅಧಿಕೃತ ಸ್ಥಾಪಕದಲ್ಲೇ ಸೇರಿಸಿರುವುದರಿಂದ ಆ ತೊಡಕು ಬಹುಮಟ್ಟಿಗೆ ಕಡಿಮೆಯಾಗಿದೆ.