ನಾಲ್ಕು ಜೇಬು, ಒಂದು ಕಾರು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಒಬ್ಬನಿಗೆ ಸರಿ. ನಾಲ್ವರು ಗೆಳೆಯರು ಒಂದೇ ಕಾರಿನಲ್ಲಿ ಹೊರಟರೆ ಯಾರ ಹಾಸಿಗೆ ನೋಡಿ ಕಾಲು ಚಾಚಬೇಕು? ಎಲ್ಲರಿಗಿಂತ ಚಿಕ್ಕ ಹಾಸಿಗೆಯವನದ್ದು. ಶಿಕಾಗೋದಿಂದ ಬೇಸ್‌ಬಾಲ್ ಸ್ಟೇಡಿಯಂಗಳ ಸುತ್ತಾಟಕ್ಕೆ ಹೊರಡುವ ಮುಂಚೆ ನಾವು ತೀರ್ಮಾನಿಸಿಕೊಂಡಿದ್ದು ಇದನ್ನೇ. ಯಾವ ಊರು, ಯಾವ ತಂಡ ಎಂಬುದೆಲ್ಲ ಆಮೇಲಿನ ಮಾತು.

ನಮ್ಮಲ್ಲಿ ಇಬ್ಬರಿಗೆ ಕೈತುಂಬ ಸಂಬಳ. ದಾವಣಗೆರೆಯವನಿಗೆ ಮನೆ ಸಾಲದ ಕಂತು, ಮಕ್ಕಳ ಡೇಕೇರ್ ಖರ್ಚು. ಶಿರಸಿಯ ಹುಡುಗ ಇನ್ನೂ ಓದುತ್ತಿದ್ದ. "ನಿನ್ನಿಂದ ಎಷ್ಟಾಗುತ್ತದಪ್ಪಾ?" ಎಂದು ಎಲ್ಲರೆದುರು ಕೇಳಿದರೆ ಅವನು ಸಂಕೋಚಕ್ಕೆ ಹೆಚ್ಚೇ ಹೇಳುತ್ತಾನೆ. ಅದಕ್ಕೇ ಹೆಸರಿಲ್ಲದ ಚೀಟಿಗಳಲ್ಲಿ ತಂತಮ್ಮ ಮೊತ್ತ ಬರೆದು ಹಾಕಿದೆವು. ಎಲ್ಲಕ್ಕಿಂತ ಕಡಿಮೆ ಇದ್ದ ಚೀಟಿಯಲ್ಲಿ 600 ಡಾಲರ್ ಇತ್ತು. ಎಲ್ಲರ ಮಿತಿಯೂ ಅದೇ ಆಯಿತು. ಜರ್ಸಿ, ಟೋಪಿ, ಬಿಯರು ಬೇಕಾದವರು ಸ್ವಂತ ಜೇಬಿನಿಂದ ಕೊಳ್ಳಲಿ, ಬೇಡ ಅನ್ನುವವರು ಯಾರು? ಕೂಡು ಖರ್ಚು ಮಾತ್ರ ಆ ಗೆರೆ ದಾಟಬಾರದು.

ಇಂಥ ಪ್ರವಾಸದಲ್ಲಿ ದಾರಿ ಹಾಕಿಕೊಡುವುದು ಭೂಪಟವಲ್ಲ, ಪಂದ್ಯಗಳ ವೇಳಾಪಟ್ಟಿ. ಮೇಜರ್ ಲೀಗ್‌ನಲ್ಲಿ 30 ತಂಡಗಳು. ಒಂದೊಂದು ತಂಡವೂ ಋತುವಿಗೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲಿ. ಅಂದರೆ ನೀವು ಹೋದ ದಿನ ಆ ಊರಿನ ತಂಡ ಬೇರೆಲ್ಲೋ ಆಡುತ್ತಿರುವ ಸಾಧ್ಯತೆ ಅರ್ಧಕ್ಕರ್ಧ. ನಾವು ಆರಿಸಿಕೊಂಡ ಸುತ್ತು ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಮತ್ತೆ ಶಿಕಾಗೋ; ಹತ್ತಿರ ಹತ್ತಿರ 1,200 ಮೈಲಿ. ನಾಲ್ಕೂ ತಂಡಗಳು ಸಾಲಾಗಿ ಮನೆಯಲ್ಲಿರುವ ವಾರ ಸಿಕ್ಕ ಮೇಲಷ್ಟೇ ಹೋಟೆಲ್ ಕಾದಿರಿಸಿದೆವು. ಅದೂ ರದ್ದು ಮಾಡಿದರೆ ಹಣ ವಾಪಸು ಬರುವ ದರದಲ್ಲಿ. ಮಳೆ ಬಂದು ಪಂದ್ಯ ಮುಂದಕ್ಕೆ ಹೋದರೆ ಟಿಕೆಟ್ ಸಾಮಾನ್ಯವಾಗಿ ಮುಂದಿನ ದಿನಾಂಕಕ್ಕೆ ನಡೆಯುತ್ತದೆ. ಆದರೆ ಆ ದಿನ ನೀವು ಮುನ್ನೂರು ಮೈಲಿ ಆಚೆ ಇರುತ್ತೀರಿ. ಹಾಗಾಗಿ ಕಾರ್ಯಕ್ರಮದಲ್ಲಿ ಕೊಂಚ ಸಡಿಲ ಇರಲೇಬೇಕು.

ಟಿಕೆಟ್ ಬೆಲೆಯ ಕಥೆ ನಮ್ಮ ವಿಮಾನ ಟಿಕೆಟ್‌ನಂಥದ್ದೇ. ಬೇಡಿಕೆ ನೋಡಿ ದಿನದಿನಕ್ಕೂ ಬೆಲೆ ಏರಿಳಿಸುವ ಪದ್ಧತಿಯನ್ನು 2010ರಲ್ಲಿ ಇಡೀ ಸ್ಟೇಡಿಯಂಗೆ ಜಾರಿಗೆ ತಂದದ್ದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ. ಈಗ ಅದು ಎಲ್ಲೆಡೆ ಹಬ್ಬಿದೆ. ನ್ಯೂಯಾರ್ಕ್ ಯಾಂಕೀಸ್ ಬಂದರೆ, ತಾರಾ ಆಟಗಾರ ಶೋಹೇ ಒಟಾನಿ ಇರುವ ಡಾಜರ್ಸ್ ಬಂದರೆ, ಶುಕ್ರವಾರ ರಾತ್ರಿ ಪಟಾಕಿ ಇದ್ದರೆ, ಅದೇ ಸೀಟಿನ ಬೆಲೆ ಜಿಗಿಯುತ್ತದೆ. ಮಂಗಳವಾರ, ಬುಧವಾರ ಹೆಸರಿಲ್ಲದ ಎದುರಾಳಿ ಇದ್ದರೆ ಮೇಲಂತಸ್ತಿನ ಸೀಟು ನಮಗೆ ಇಪ್ಪತ್ತು, ಇಪ್ಪತ್ತೈದು ಡಾಲರ್ ಆಸುಪಾಸಿಗೆ ಸಿಕ್ಕಿತು. ಮೊದಲೆಲ್ಲ ಕೊನೆಯ ಪುಟದಲ್ಲಿ ಶುಲ್ಕಗಳು ಇಣುಕಿ ಮೊತ್ತ ಉಬ್ಬುತ್ತಿತ್ತು. 2025ರ ಮೇ 12ರಿಂದ ಜಾರಿಯಾದ ಫೆಡರಲ್ ಟ್ರೇಡ್ ಕಮಿಷನ್ ನಿಯಮದಿಂದಾಗಿ ಪಂದ್ಯದ ಟಿಕೆಟ್‌ಗೂ ಹೋಟೆಲ್ ಕೋಣೆಗೂ ಕಡ್ಡಾಯ ಶುಲ್ಕ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ಆಟ ಶುರುವಾಗುವ ಹೊತ್ತಿಗೆ ಮರುಮಾರಾಟದ ಬೆಲೆ ಇಳಿಯುವುದುಂಟು. ಸ್ವಂತ ಊರಿನಲ್ಲಾದರೆ ಕಾಯಬಹುದು. ನಾಲ್ಕು ಸೀಟು ಅಕ್ಕಪಕ್ಕ ಬೇಕು, ಊರು ದೂರದ್ದು ಅಂದಾಗ ಐದಾರು ಡಾಲರ್ ಆಸೆಗೆ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಅಗ್ಗದ ಸೀಟು ಎಂದರೆ ಕೆಟ್ಟ ಸೀಟು ಅಲ್ಲ. ಪಿಟ್ಸ್‌ಬರ್ಗ್‌ನ ಪಿಎನ್‌ಸಿ ಪಾರ್ಕ್‌ನಲ್ಲಿ ಡಗ್‌ಔಟ್ ಹಿಂದೆಯೇ ಕೂರಬೇಕು ಎಂದು ನಮ್ಮ ಹಾಸನದವನ ಹಟ. ಮಿತಿ ನೆನಪಿಸಿ ಮೇಲಕ್ಕೆ ಹತ್ತಿಸಿದೆವು. ಅಲ್ಲಿಂದ ನೋಡಿದರೆ ಮೈದಾನದ ಆಚೆ ಅಲಿಗೇನಿ ನದಿ, ಅದರ ಮೇಲೆ ಹಳದಿ ಬಣ್ಣದ ರೊಬೆರ್ಟೊ ಕ್ಲೆಮೆಂಟೆ ಸೇತುವೆ, ಅದರ ಹಿಂದೆ ದೀಪ ಹೊತ್ತಿಕೊಳ್ಳುತ್ತಿದ್ದ ಇಡೀ ಪೇಟೆ. ಕೆಳಗಿನ ದುಬಾರಿ ಸಾಲಿನವರಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ಎರಡನೇ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಅವನೇ ಎಲ್ಲರಿಗಿಂತ ಹೆಚ್ಚು ಫೋಟೋ ತೆಗೆದಿದ್ದ.

ಪಾರ್ಕಿಂಗ್‌ಗೂ ಹೀಗೇ ಒಂದು ದಾರಿಯಿದೆ. ಪಿಟ್ಸ್‌ಬರ್ಗ್‌ನಲ್ಲಿ ಪಂದ್ಯದ ದಿನ ಆ ಸೇತುವೆ ಮೇಲೆ ವಾಹನ ಬಿಡುವುದಿಲ್ಲ. ಕಾರನ್ನು ಪೇಟೆಯೊಳಗೆ ನಿಲ್ಲಿಸಿ ನಡೆದೇ ಸ್ಟೇಡಿಯಂ ಸೇರಬಹುದು. ಕಾಲು ನೋವು ಅನ್ನುವವರಿಗೆ ಪೇಟೆಯಿಂದ ಆಚೆ ದಡಕ್ಕೆ ಲೈಟ್ ರೈಲು ಉಚಿತ. ಸಿನ್ಸಿನಾಟಿಗೆ ಹೋದಾಗ ಓಹಿಯೋ ನದಿಯ ಆಚೆ ದಡದ, ಕೆಂಟಕಿಯ ಕವಿಂಗ್ಟನ್‌ನಲ್ಲಿ ಕಾರು ಬಿಟ್ಟು ರೋಬ್ಲಿಂಗ್ ತೂಗುಸೇತುವೆ ದಾಟಿದೆವು.

ಗೆಳೆತನ ಕೆಡುವುದು ಟಿಕೆಟ್‌ನಿಂದಲ್ಲ, ಕಾರಿನಿಂದ. ಪೆಟ್ರೋಲ್ ಬಿಲ್ಲನ್ನು ನಾಲ್ಕು ಪಾಲು ಮಾಡಿ ಕೈ ತೊಳೆದುಕೊಂಡರೆ ಕಾರಿನ ಒಡೆಯ ಮುಳುಗುತ್ತಾನೆ. ಗ್ಯಾಲನ್‌ಗೆ 30 ಮೈಲಿ ಲೆಕ್ಕದಲ್ಲಿ 1,200 ಮೈಲಿಗೆ 40 ಗ್ಯಾಲನ್, ಸುಮಾರು 130 ಡಾಲರ್. ಆದರೆ ವ್ಯವಹಾರದ ಓಡಾಟಕ್ಕೆ ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ಒಪ್ಪಿದ ದರ ಮೈಲಿಗೆ 70 ಸೆಂಟ್. ಆ ಪ್ರಕಾರ 840 ಡಾಲರ್! ಟೈರು, ಆಯಿಲ್, ವಿಮೆ, ಸವಕಳಿ ಎಲ್ಲ ಅದರಲ್ಲಿ ಸೇರಿದೆ. ವಿಮೆಯಂಥದ್ದನ್ನು ಕಾರು ಮನೆಯಲ್ಲೇ ನಿಂತಿದ್ದರೂ ಕಟ್ಟಬೇಕು. ಆದ್ದರಿಂದ ಪೆಟ್ರೋಲ್ ಸೇರಿಸಿ ಅರ್ಧ ದರ, 35 ಸೆಂಟ್ ಎಂದು ಹೊರಡುವ ಮೊದಲೇ ಒಪ್ಪಿಕೊಂಡೆವು. 420 ಡಾಲರ್, ತಲೆಗೆ 105. ಕಾರು ಕೊಟ್ಟ ದಾವಣಗೆರೆಯವನಿಗೂ ಬೇಜಾರಿಲ್ಲ, ನಮಗೂ ಹಂಗಿಲ್ಲ. ಟೋಲ್‌ಗೆ ಅವನ ಇ-ಝಡ್‌ಪಾಸ್ ಸಾಕಾಯಿತು. ಅದಿಲ್ಲದೆ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹತ್ತಿದರೆ ನಂಬರ್ ಪ್ಲೇಟ್ ಫೋಟೋ ನೋಡಿ ಹೆಚ್ಚುಕಡಿಮೆ ಎರಡರಷ್ಟು ಬಿಲ್ ಮನೆಗೆ ಬರುತ್ತದೆ.

ಊಟದಲ್ಲಿ ಉಳಿದದ್ದೂ ಸಣ್ಣ ಮೊತ್ತವಲ್ಲ. ಪಿಟ್ಸ್‌ಬರ್ಗ್, ಸಿನ್ಸಿನಾಟಿ ಎರಡೂ ಕಡೆ ಹೊರಗಿನ ತಿಂಡಿ ಒಳಗೆ ಒಯ್ಯಬಹುದು. ಬೇರೆ ಊರುಗಳ ನಿಯಮ ಬೇರೆ, ತಂಡದ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೋಗಬೇಕು. ನಮ್ಮ ಪಾರದರ್ಶಕ ಚೀಲದಲ್ಲಿದ್ದ ಪುಳಿಯೋಗರೆಯನ್ನು ಗೇಟಿನವನು ಅತ್ತಿತ್ತ ತಿರುಗಿಸಿ ನೋಡಿ, ಸರಿ ಎಂದು ತಲೆಯಾಡಿಸಿದ. ನಾಲ್ವರೂ ಸಸ್ಯಾಹಾರಿಗಳಾದ ನಮಗೆ ಸ್ಟೇಡಿಯಂ ಒಳಗೆ ಹಣ ಕೊಟ್ಟರೂ ಇಷ್ಟು ರುಚಿಯ ಊಟ ಸಿಗುತ್ತಿರಲಿಲ್ಲ.

ದಿನದ ಖರ್ಚನ್ನು ಆ ದಿನವೇ, ಮಲಗುವ ಮುಂಚೆ ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್‌ಗೆ ಹಾಕಿಬಿಡಬೇಕು. ನಾಳೆಗೆ ಬಿಟ್ಟ ಲೆಕ್ಕದಲ್ಲಿ ಕೊಟ್ಟವನ ನೆನಪು ಒಂದು, ತಿಂದವನ ನೆನಪು ಇನ್ನೊಂದು. ಕೋಣೆ, ಕಾರು, ಟೋಲ್, ಪಾರ್ಕಿಂಗ್, ಟಿಕೆಟ್, ಊಟ ಎಲ್ಲ ಸೇರಿ ಕೂಡು ಖರ್ಚು ಚೀಟಿಯ ಗೆರೆಯೊಳಗೇ ನಿಂತಿತು.

ಮುಂದಿನ ಗುರಿ ಬಾಸ್ಟನ್‌ನ ಫೆನ್‌ವೇ ಪಾರ್ಕ್, 1912ರದ್ದು, ಲೀಗ್‌ನಲ್ಲೇ ಹಳೆಯದು. ಅಲ್ಲಿ ಸೀಟು ಕಡಿಮೆ, ಬೇಡಿಕೆ ಹೆಚ್ಚು, ಹೋಟೆಲ್ ದುಬಾರಿ. ಮುಂದಿನ ಋತುವಿನ ವೇಳಾಪಟ್ಟಿ ಈಚಿನ ವರ್ಷಗಳಲ್ಲಿ ಹಿಂದಿನ ಬೇಸಿಗೆಯಲ್ಲೇ ಹೊರಬೀಳುತ್ತಿದೆ. ಆ ದಿನದಿಂದಲೇ ತಿಂಗಳಿಗೆ ಎಪ್ಪತ್ತು ಡಾಲರ್ ಬದಿಗಿಟ್ಟರೆ ಹತ್ತು ತಿಂಗಳಲ್ಲಿ 700 ಕೈಯಲ್ಲಿರುತ್ತದೆ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ತಲೆ ಕೊಡಬೇಕಿಲ್ಲ. ಶಿರಸಿಯ ಹುಡುಗನಿಗೆ ಈಗ ಕೆಲಸ ಸಿಕ್ಕಿದೆ. ಆದರೂ ಈ ಸಲವೂ ಚೀಟಿ ಬರೆದೇ ಹಾಕುತ್ತೇವೆ. ಯಾರ ಮನೆಯಲ್ಲಿ ಈ ವರ್ಷ ಏನು ಖರ್ಚು ಬಂದಿದೆಯೋ, ಅದು ಅವರವರಿಗೇ ಗೊತ್ತು.